ಕೇಸಿಗೆ ಸಿಕ್ಕಿಕೊಂಡ ಮಕ್ಕಳ ಜೊತೆ ಕೆಲಸ: ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡೋದು?

ಬೈಕ್ ಕದ್ದಿದ್ದು, ಮೊಬೈಲ್ ಕಿತ್ತುಕೊಂಡು ಓಡಿದ್ದು, ಏರಿಯಾದಲ್ಲಿ ಹೊಡೆದಾಟ, ಗಾಂಜಾ ಪೊಟ್ಟಣ ಸಾಗಿಸಿದ್ದು. ಇಂಥ ಕೇಸುಗಳಲ್ಲಿ ಸಿಕ್ಕಿಬಿದ್ದ 15, 16, 17ರ ಹುಡುಗರಿಗೆ ಏನಾದರೂ ಮಾಡಬೇಕು ಅಂತ ಬರುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಎಂಎಸ್‌ಡಬ್ಲ್ಯೂ ಓದುತ್ತಿರುವವರು, ಲಾ ಕಾಲೇಜಿನವರು, ಶನಿವಾರ ರಜೆ ಇರುವ ಐಟಿಯವರು, ರಿಟೈರ್ ಆದ ಮೇಷ್ಟ್ರುಗಳು. ಬಹಳ ಜನ ಮೊದಲ ದಿನವೇ ಬುದ್ಧಿ ಹೇಳೋಕೆ ಸಿದ್ಧರಾಗಿ ಬರುತ್ತಾರೆ. ಆದರೆ ಬುದ್ಧಿ ಹೇಳುವವರಿಗೆ ಆ ಹುಡುಗರ ಬದುಕಿನಲ್ಲಿ ಬರವಿಲ್ಲ. ಠಾಣೆಯಲ್ಲಿ ಹೇಳಿರುತ್ತಾರೆ, ಸ್ಕೂಲಲ್ಲಿ ಹೇಳಿರುತ್ತಾರೆ, ಪಕ್ಕದ ಮನೆಯವರೂ ಹೇಳಿ ಮುಗಿಸಿರುತ್ತಾರೆ. ಬರ ಇರುವುದು ಸ್ಕೂಲಿಗೆ ಹೋಗಿ ಟಿಸಿ ತಂದುಕೊಡುವವರಿಗೆ, ಬಾಲ ನ್ಯಾಯ ಮಂಡಳಿಯ (ಬೋರ್ಡಿನ) ಡೇಟು ನೆನಪಿಸುವವರಿಗೆ, ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು ನಿಲ್ಲುವವರಿಗೆ. ಆ ಕೆಲಸ ಮಾಡೋದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು, ಒಂದಷ್ಟು ಕಾನೂನು

ವಕೀಲರಷ್ಟು ಗೊತ್ತಿರಬೇಕಾಗಿಲ್ಲ. ಆದರೆ ಹುಡುಗನ ಅಮ್ಮ ಕೇಳಿದರೆ ಉತ್ತರ ಹೇಳುವಷ್ಟು ಗೊತ್ತಿರಬೇಕು.

ಈಗ ಜಾರಿಯಲ್ಲಿರುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಗೆ ಬಂತು, 2021ರಲ್ಲಿ ತಿದ್ದುಪಡಿ ಆಯಿತು. 18 ತುಂಬದ ಯಾರೇ ಆದರೂ ಈ ಕಾಯ್ದೆಯ ಪ್ರಕಾರ ಮಗು. ತಪ್ಪು ಮಾಡಿದ ಆರೋಪ ಇರುವ ಮಗು ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಎಲ್ಲರೂ ಬೋರ್ಡ್ ಅಂತಲೇ ಕರೆಯೋದು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಮನೆಯಿಲ್ಲದ, ಹೊಡೆತ ತಿಂದ, ಕೂಲಿಗೆ ಹಾಕಿದ ಮಗುವಿನ ವಿಚಾರ ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಕಾಗದದ ಮೇಲೆ ಇವೆರಡು ಬೇರೆ ಬೇರೆ. ನಿಜದಲ್ಲಿ ಹೋದ ವರ್ಷ ಮೆಜೆಸ್ಟಿಕ್‌ನಲ್ಲಿ ಸಿಕ್ಕಿ ಸಮಿತಿ ಮುಂದೆ ಬಂದ ಹುಡುಗನೇ ಈ ವರ್ಷ ಬೋರ್ಡ್ ಮುಂದೆ ಬಂದಿರುತ್ತಾನೆ.

ಅಪರಾಧಗಳನ್ನು ಮೂರು ಗುಂಪು ಮಾಡಿದ್ದಾರೆ. 3 ವರ್ಷದವರೆಗೆ ಶಿಕ್ಷೆ ಇರುವುದು ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇದ್ದರೆ ಘೋರ ಅಪರಾಧ. ನಡುವಿನದೆಲ್ಲ ಗಂಭೀರ ಅಪರಾಧ. ಘೋರ ಅಪರಾಧದ ಆರೋಪವಿದ್ದು ಹುಡುಗನಿಗೆ 16 ತುಂಬಿದ್ದರೆ ಮಾತ್ರ ಬೋರ್ಡ್ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಅವನ ಮನಸ್ಸು, ದೇಹದ ಬೆಳವಣಿಗೆ ಎಷ್ಟು, ಪರಿಣಾಮ ಅರ್ಥವಾಗುವಷ್ಟು ತಿಳಿವಳಿಕೆ ಇತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಅಂತ ನೋಡಿ, ದೊಡ್ಡವರ ಹಾಗೆ ವಿಚಾರಣೆ ಆಗಬೇಕಾ ಅಂತ ತೀರ್ಮಾನಿಸುತ್ತದೆ. ಇದಕ್ಕೆ 3 ತಿಂಗಳ ಗಡುವು. 'ಹದಿನಾರಾದ ಮೇಲೆ ಎಲ್ಲರೂ ಜೈಲಿಗೇ' ಅಂತ ಟೀವಿ ನೋಡಿ ಹೆದರಿ ಬರುವ ತಂದೆ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಧ ಜೀವ ಬರುತ್ತದೆ. ಹೆಚ್ಚಿನ ಕೇಸುಗಳಿಗೆ ಈ ಮಾತು ತಾಕುವುದೇ ಇಲ್ಲ.

ಒಳಗೆ ಹೋಗುವ ದಾರಿ

ಬೆಂಗಳೂರಿನಲ್ಲಿ ಈ ಲೋಕದ ಬಹುಪಾಲು ಹೊಸೂರು ರಸ್ತೆಯ ಆಸುಪಾಸಿನಲ್ಲೇ ಇದೆ. ಸರ್ಕಾರಿ ಬಾಲಮಂದಿರ, ನಿಮ್ಹಾನ್ಸ್, ಇನ್ನೂ ಮುಂದೆ ಹೋದರೆ ಮಡಿವಾಳದ ವೀಕ್ಷಣಾಲಯ, ಅಂದರೆ ವಿಚಾರಣೆ ನಡೆಯುವಾಗ ಹುಡುಗರನ್ನು ಇಡುವ ಮನೆ. ಸೀದಾ ಗೇಟಿಗೆ ಹೋಗಿ 'ಮಕ್ಕಳನ್ನು ನೋಡಬೇಕು' ಅಂದರೆ ಬಿಡುವುದಿಲ್ಲ, ಬಿಡಲೂಬಾರದು. ಹುಟ್ಟುಹಬ್ಬಕ್ಕೆ ಬಿರಿಯಾನಿ ಹಂಚಿ ಸೆಲ್ಫಿ ತೆಗೆದುಕೊಳ್ಳುವ ಜಾಗ ಅದಲ್ಲ.

ಒಳಗೆ ಹೋಗಲು ಮೂರು ದಾರಿ ಇವೆ.

ಒಂದು, ಈಗಾಗಲೇ ಅನುಮತಿ ಪಡೆದು ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರೋದು. ಬೀದಿ ಮಕ್ಕಳ ಜೊತೆ 1980ರಿಂದ ಕೆಲಸ ಮಾಡುತ್ತಿರುವ ಬಾಸ್ಕೋದಂಥ ಸಂಸ್ಥೆಗಳು ಈ ಊರಿನಲ್ಲಿವೆ. ಪೊಲೀಸ್ ವೆರಿಫಿಕೇಷನ್ ಕೇಳದ, ಮಕ್ಕಳ ರಕ್ಷಣಾ ನೀತಿಗೆ ಸಹಿ ಹಾಕಿಸಿಕೊಳ್ಳದ ಸಂಸ್ಥೆ ಸಿಕ್ಕಿದರೆ ದೂರ ಇರಿ.

ಎರಡು, ಉಚಿತ ಕಾನೂನು ನೆರವಿನ ದಾರಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಜಿಲ್ಲಾ ಪ್ರಾಧಿಕಾರಗಳು ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ತೆಗೆದುಕೊಂಡು ತರಬೇತಿ ಕೊಡುತ್ತವೆ. ವಕೀಲರೇ ಆಗಿರಬೇಕಂತಿಲ್ಲ.

ಮೂರು, ನೌಕರಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ರಕ್ಷಣಾಧಿಕಾರಿ, ಕಾನೂನು ಮತ್ತು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್, ಹುಡುಗನ ಮನೆ ಪರಿಸ್ಥಿತಿ ನೋಡಿ ಬೋರ್ಡಿಗೆ ವರದಿ ಕೊಡುವವರು), ಆಪ್ತ ಸಮಾಲೋಚಕ, ಸಮಾಜ ಕಾರ್ಯಕರ್ತ, ಔಟ್‌ರೀಚ್ ವರ್ಕರ್ ಹುದ್ದೆಗಳಿರುತ್ತವೆ. ಹೆಚ್ಚಿನವು ಗುತ್ತಿಗೆ ಮೇಲೆ. ಸಮಾಜಕಾರ್ಯ, ಮನಃಶಾಸ್ತ್ರ, ಕಾನೂನು ಓದಿದವರಿಗೆ ಅನುಕೂಲ. ಸಂಬಳ ನೋಡಿಕೊಂಡು ಬರುವ ಕೆಲಸ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ತರಬೇತಿಗೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ನಿಮ್ಹಾನ್ಸ್‌ನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಲ್ಲಿ ನಡೆಯುವ ಸಂವಾದ್ ಇದೆ. ಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಕೆಲಸಗಾರರಿಗೆ ಅಲ್ಲಿ ಕಲಿಸುತ್ತಾರೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನ ಮಕ್ಕಳು ಮತ್ತು ಕಾನೂನು ಕೇಂದ್ರ ಈ ವಿಷಯದಲ್ಲಿ ಹಳೆಯ ಹೆಸರು.

ಸಮಯ ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ವಾರಕ್ಕೆ ಅರ್ಧ ದಿನ ಸಾಕು, ಆದರೆ ಒಂದು ವರ್ಷ ಬಿಡದೆ ಬರಬೇಕು. ತಿಂಗಳು ಪೂರ್ತಿ ದಿನಾ ಬಂದು ಆಮೇಲೆ ಮಾಯವಾಗುವವರಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಆ ಹುಡುಗರನ್ನು ಬಿಟ್ಟುಹೋದವರ ಪಟ್ಟಿ ಆಗಲೇ ಉದ್ದ ಇರುತ್ತದೆ.

ಠಾಣೆಯಿಂದ ಫೋನ್ ಬಂದಾಗ

ಒಂದು ಏರಿಯಾದಲ್ಲಿ ನಿಮ್ಮ ಮುಖ ಪರಿಚಯ ಆದಮೇಲೆ ರಾತ್ರಿ ಹೊತ್ತು ಫೋನ್ ಬರೋಕೆ ಶುರುವಾಗುತ್ತದೆ. 'ಅಕ್ಕಾ, ನಮ್ ಹುಡುಗನ್ನ ಎತ್ತಾಕ್ಕೊಂಡ್ ಹೋದ್ರು.' ಆಗ ಇಷ್ಟು ನೋಡಿ.

ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು. ಅವರು ಕನಿಷ್ಠ ಎಎಸ್ಐ ದರ್ಜೆಯವರು. ಅವರನ್ನೇ ಕೇಳಿ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಗೆ ಬೇಡಿ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬೋರ್ಡ್ ಮುಂದೆ ಹಾಜರುಪಡಿಸಬೇಕು. ತಂದೆ ತಾಯಿಗೂ ಪರಿವೀಕ್ಷಣಾಧಿಕಾರಿಗೂ ತಿಳಿಸಬೇಕು. ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ನಿಯಮದ ಪ್ರಕಾರ ಎಫ್ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆ, ಓದು, ಪರಿಸ್ಥಿತಿ ಬಗ್ಗೆ ಒಂದು ವರದಿ ಮಾಡಿ ಬೋರ್ಡಿಗೆ ಕಳಿಸಬೇಕು.

ಇದನ್ನೆಲ್ಲ ಠಾಣೆಯಲ್ಲಿ ಭಾಷಣದ ಹಾಗೆ ಹೇಳಬೇಡಿ. ಸೆಕ್ಷನ್ ನಂಬರ್ ಎತ್ತಿ ಜಗಳಕ್ಕೆ ನಿಂತರೆ ನೀವು ಗೆದ್ದು ಮನೆಗೆ ಹೋಗುತ್ತೀರಿ, ಹುಡುಗ ಅಲ್ಲೇ ಇರುತ್ತಾನೆ. 'ಸಾರ್, ಹುಡುಗನಿಗೆ 16 ವರ್ಷ. ಸ್ಕೂಲ್ ದಾಖಲೆ ತಂದಿದ್ದೀವಿ. ಬೋರ್ಡಿಗೆ ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗ್ತೀರಾ? ಅವರ ತಾಯಿನೂ ಬರ್ತಾರೆ' ಅಂದರೆ ಸಾಕು. ಕಾನೂನು ಗೊತ್ತಿದೆ ಅನ್ನುವುದು ಅಷ್ಟರಲ್ಲೇ ಅವರಿಗೆ ತಿಳಿಯುತ್ತದೆ.

ವಯಸ್ಸಿನ ದಾಖಲೆ ತಡಮಾಡಬೇಡಿ. ಮೊದಲ ಬೆಲೆ ಸ್ಕೂಲ್ ಅಥವಾ ಎಸ್‌ಎಸ್‌ಎಲ್‌ಸಿ ದಾಖಲೆಗೆ. ಅದಿಲ್ಲದಿದ್ದರೆ ಪಾಲಿಕೆಯ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಊರು ಬಿಟ್ಟು ಬಂದು ಶೆಡ್ಡಿನಲ್ಲಿರುವ ಕುಟುಂಬಗಳ ಹತ್ತಿರ ಈ ಕಾಗದ ಇರುವುದಿಲ್ಲ. ರಾಯಚೂರಿನದೋ ಕಲಬುರಗಿಯದೋ ಸ್ಕೂಲಿನ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ದಾಖಲಾತಿ ಪುಸ್ತಕದ ಫೋಟೋ ತರಿಸಿಕೊಂಡರೆ ಅಂದಿನ ಮಟ್ಟಿಗೆ ದೊಡ್ಡ ಕೆಲಸ ಆದಹಾಗೆ, ಸರಿಯಾದ ಪ್ರತಿ ಆಮೇಲೆ ಬರಲಿ. ವಯಸ್ಸು ತಪ್ಪಾಗಿ ಬರೆದದ್ದರಿಂದ ಹುಡುಗ ಪರಪ್ಪನ ಅಗ್ರಹಾರ ಸೇರಿಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಆಗ 18 ತುಂಬಿರಲಿಲ್ಲ ಅಂತ ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ ಹೇಳಬಹುದು.

ವಕೀಲರಿಗೆ ದುಡ್ಡಿಲ್ಲ ಅನ್ನುವ ಮನೆಯವರಿಗೆ ಕಾನೂನು ನೆರವಿನ ಸಹಾಯವಾಣಿ 15100 ನಂಬರ್ ಕೊಡಿ. ಮಕ್ಕಳಿಗೆ ಕಾನೂನು ನೆರವು ಪುಕ್ಕಟೆ, ಮನೆಯ ಆದಾಯ ಎಷ್ಟು ಅಂತ ಕೇಳುವುದಿಲ್ಲ. ಮಗುವಿಗೆ ಅಪಾಯ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ಬೇಲು, ಡೇಟು, ಅಮ್ಮನ ಕೂಲಿ

ಈ ಕಾಯ್ದೆಯಲ್ಲಿ ಬೇಲ್ ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ, ಅಥವಾ ನ್ಯಾಯಕ್ಕೆ ಅಡ್ಡಿಯಾಗುತ್ತದೆ ಅಂತ ಅನ್ನಿಸಿದರೆ ಮಾತ್ರ ನಿರಾಕರಿಸಬಹುದು. ನಿರಾಕರಿಸಿದರೆ ಕಾರಣ ಬರೆಯಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಬೇಲ್ ಸಿಕ್ಕಿರುತ್ತದೆ, ಆದರೆ ಶ್ಯೂರಿಟಿ ಹೊಂದಿಸಲಾಗದೆ ಹುಡುಗ ಒಳಗೇ ಉಳಿದಿರುತ್ತಾನೆ. 7 ದಿನದಲ್ಲಿ ಷರತ್ತು ಪೂರೈಸಲಾಗದಿದ್ದರೆ ಅವನನ್ನು ಮತ್ತೆ ಬೋರ್ಡ್ ಮುಂದೆ ತಂದು ಷರತ್ತು ಸಡಿಲಿಸಬೇಕು ಅಂತ 12ನೇ ಸೆಕ್ಷನ್‌ನಲ್ಲೇ ಇದೆ. ಎಂಟನೇ ದಿನ ಕಾನೂನು ನೆರವಿನ ವಕೀಲರನ್ನು ಹಿಡಿದುಕೊಂಡು ಇದನ್ನು ಕೇಳಿಸುವುದು ನಿಮ್ಮ ಕೆಲಸ. ಇಷ್ಟರಿಂದಲೇ ಹೊರಗೆ ಬಂದ ಹುಡುಗರಿದ್ದಾರೆ.

ಆಮೇಲೆ ಡೇಟುಗಳು. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನು 2 ತಿಂಗಳು ಹಿಗ್ಗಿಸಬಹುದು. ಸಣ್ಣ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಕೇಸೇ ಕೊನೆಯಾಗುತ್ತದೆ. ಈ ತಿಂಗಳುಗಳಲ್ಲಿ ಹೆಚ್ಚು ಕಳೆದುಕೊಳ್ಳುವುದು ಅಮ್ಮ. ಬೋರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರನ್ನು ನೋಡಿ: ಮನೆಕೆಲಸದವರು, ಗಾರ್ಮೆಂಟ್ಸ್‌ನವರು, ಹೂ ಕಟ್ಟುವವರು. ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ರೇಷನ್ ಕಾರ್ಡು, ಮಡಚಿ ಮಡಚಿ ಗೆರೆ ಬಿದ್ದ ಒಂದು ಜೆರಾಕ್ಸ್. ಬೆಳಿಗ್ಗೆ ಬಂದು ಕೂತರೆ ಕರೆಯೋದು ಯಾವಾಗಲೋ. ಒಂದು ಡೇಟಿಗೆ ಒಂದು ದಿನದ ಕೂಲಿ ಹೋಯಿತು. ಮೂರನೇ ಸಲ ರಜೆ ಕೇಳಿದಾಗ 'ನಾಳೆಯಿಂದ ಬರಬೇಡ' ಅನ್ನಿಸಿಕೊಂಡವರಿದ್ದಾರೆ. ಆಮೇಲೆ ಅವರು ಬರೋದು ನಿಲ್ಲಿಸುತ್ತಾರೆ. 'ತಾಯಿಗೇ ಕಾಳಜಿ ಇಲ್ಲ' ಅಂತ ಯಾರೋ ಫೈಲಿನಲ್ಲಿ ಬರೆಯುತ್ತಾರೆ!

ಹಾಗಾಗಿ ಡೇಟನ್ನು ನಿಮ್ಮ ಫೋನಿನಲ್ಲಿ ಹಾಕಿಕೊಳ್ಳಿ. ಎರಡು ದಿನ ಮೊದಲು ಫೋನ್ ಮಾಡಿ, ಹಿಂದಿನ ರಾತ್ರಿ ಇನ್ನೊಂದು ಸಲ. ವಾಟ್ಸಾಪ್ ಮೆಸೇಜ್ ನೆಚ್ಚಬೇಡಿ. ಆ ಮನೆಯಲ್ಲಿ ಓದಲು ಬರುವುದು ಬಹುಶಃ ಕೇಸಿರುವ ಹುಡುಗನಿಗೊಬ್ಬನಿಗೇ. ಶಕ್ತಿ ಯೋಜನೆಯಿಂದಾಗಿ ಅಮ್ಮನಿಗೆ ಬಸ್ ಪುಕ್ಕಟೆ, ಹುಡುಗನ ಟಿಕೆಟ್ಟಿಗೆ ಚಿಲ್ಲರೆ ಇದೆಯಾ ಕೇಳಿ. ಕೆಲಸದ ಮನೆಯವರಿಗೆ ಏನು ಹೇಳೋದು ಅಂತ ಅಮ್ಮನ ಜೊತೆ ಕೂತು ಮಾತಾಡಿ. 'ಆಫೀಸ್ ಕೆಲಸ ಇದೆ' ಅಂದರೆ ಸಾಕು, ಮಗನ ಕೇಸಿನ ವಿಷಯ ಅವರಿಗೆ ಹೇಳಬೇಕಾಗಿಲ್ಲ.

ಒಳಗೆ ಏನು ನಡೆಯಿತು ಅಂತ ಹೊರಗೆ ಬಂದಮೇಲೆ ಬಿಡಿಸಿ ಹೇಳಿ. ಮನೆಯವರಿಗೂ ಹುಡುಗನಿಗೂ ಅರ್ಥವಾಗುವ ಹಾಗೆ ನಡೆಸಬೇಕಾದ್ದು ಬೋರ್ಡಿನ ಹೊಣೆ. ಕನ್ನಡ ಬಾರದ ಮಗುವಿಗೆ ಅನುವಾದಕರನ್ನೂ ಕೊಡಬೇಕು. ಅಸ್ಸಾಂ, ಬಂಗಾಳ, ಒಡಿಶಾದಿಂದ ಬಂದ ಹುಡುಗರ ವಿಷಯದಲ್ಲಿ ಇದನ್ನು ಮರೆಯದೆ ಕೇಳಿ. ಸುಮ್ನೆ ತಲೆಯಾಡಿಸುವ ಹುಡುಗನಿಗೆ ಅರ್ಥವಾಗಿದೆ ಅಂತ ತಿಳಿದುಕೊಳ್ಳಬೇಡಿ.

ಹುಡುಗನ ಜೊತೆ ಮಾತು

'ಯಾಕೋ ಹಿಂಗ್ ಮಾಡ್ದೆ?' ಅಂತ ಶುರು ಮಾಡಬೇಡಿ. ಮಾಡಿದ್ದಾನೋ ಇಲ್ಲವೋ ತೀರ್ಮಾನ ಮಾಡುವುದು ಬೋರ್ಡ್. ಅಲ್ಲಿಯವರೆಗೆ ಅವನು ನಿರಪರಾಧಿ. ಕೇಸಿನ ಸಂಗತಿ ಅವನು ಹೇಳಬೇಕಾದ್ದು ವಕೀಲರಿಗೆ. ನೀವು ಕೆದಕಿ ಕೇಳಿದರೆ ಅವನಿಗೂ ತೊಂದರೆ, ನಿಮಗೂ ಫಜೀತಿ.

ಮೊದಲ ಭೇಟಿಯಲ್ಲೇ ಒಂದು ಮಾತು ಸ್ಪಷ್ಟ ಮಾಡಿ. 'ನೀನು ಹೇಳಿದ್ದನ್ನ ಊರಿಗೆಲ್ಲ ಹೇಳಲ್ಲ. ಆದರೆ ನಿನಗೆ ಅಥವಾ ಇನ್ನೊಬ್ಬರಿಗೆ ಅಪಾಯ ಇದೆ ಅಂತ ಗೊತ್ತಾದರೆ, ಯಾರಾದರೂ ನಿನ್ನ ಜೊತೆ ಕೆಟ್ಟದಾಗಿ ನಡಕೊಂಡಿದ್ದಾರೆ ಅಂತ ಗೊತ್ತಾದರೆ, ನಾನು ತಿಳಿಸಲೇಬೇಕು.' ಪೋಕ್ಸೋ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾಗಿಯೂ ತಿಳಿಸದಿರುವುದು ಅಪರಾಧ. ಇದನ್ನು ಮೊದಲೇ ಹೇಳದೆ, ಅವನು ಬಾಯಿಬಿಟ್ಟ ಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ, ಅಲ್ವಾ?

ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿದರೆ ಈ ವಯಸ್ಸಿನ ಹುಡುಗರು ಬಾಯಿ ಬಿಡುವುದಿಲ್ಲ. ಕೇರಂ ಆಡುತ್ತಾ, ನಡೆಯುತ್ತಾ, ಏನಾದರೂ ರಿಪೇರಿ ಮಾಡುತ್ತಾ ಇದ್ದಾಗ ಮಾತು ತಾನಾಗಿ ಬರುತ್ತದೆ. ಬೈಕ್ ಕದ್ದ ಆರೋಪ ಹೊತ್ತ ಒಬ್ಬ ಹುಡುಗ ಎಷ್ಟು ಭೇಟಿಯಾದರೂ 'ಹೂಂ', 'ಇಲ್ಲ' ಬಿಟ್ಟು ಬೇರೆ ಆಡಿರಲಿಲ್ಲ. ನನ್ನ ಸ್ಕೂಟರ್ ಸ್ಟಾರ್ಟ್ ಆಗದೆ ಒದೆಯುತ್ತಾ ನಿಂತಿದ್ದೆ. 'ಚೋಕ್ ಎಳೆದುಬಿಟ್ಟಿದೀರಾ ಸಾರ್, ಪೆಟ್ರೋಲ್ ಜಾಸ್ತಿ ಆಗಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ' ಅಂದ. ಅವನೇ ಬಿಚ್ಚಿ, ಅಂಗಿಯ ತುದಿಯಲ್ಲಿ ಒರೆಸಿ, ಊದಿ, ಹಾಕಿದ. ಒಂದೇ ಒದೆತಕ್ಕೆ ಸ್ಟಾರ್ಟ್. ಗ್ಯಾರೇಜಿನಲ್ಲಿ ಕೆಲಸ ಕಲಿತದ್ದು, ಮಾಲೀಕ ದುಡ್ಡು ಕೊಡದೆ ಓಡಿಸಿದ್ದು, ಎಲ್ಲ ಅವತ್ತು ಬಂತು. ಅವನಿಗೆ ಮುಂದೆ ಏನೇನು ಮಾಡಬೇಕು ಅಂತ ಬರೆದಿಡುವ ಪಾಲನಾ ಯೋಜನೆಯಲ್ಲಿ 'ಆಸಕ್ತಿ' ಅನ್ನುವ ಜಾಗದಲ್ಲಿ ಅಲ್ಲಿಯವರೆಗೆ 'ಕ್ರಿಕೆಟ್' ಅಂತಿತ್ತು. ಎಲ್ಲ ಹುಡುಗರ ಫೈಲಿನಲ್ಲೂ ಕ್ರಿಕೆಟ್ಟೇ ಇರುತ್ತದೆ ಬಿಡಿ.

ಹುಡುಗಿಯರ ಸಂಖ್ಯೆ ಕಡಿಮೆ. ಅವರಿಗೆ ಬೇರೆಯೇ ಮನೆಗಳಿವೆ. ಗಂಡಸರು ಆ ಕೆಲಸಕ್ಕೆ ಕೈಹಾಕದೆ ಅನುಭವಿ ಮಹಿಳಾ ಕಾರ್ಯಕರ್ತರಿಗೆ ಬಿಡುವುದು ಒಳ್ಳೆಯದು.

ಪ್ರೀತಿ ಮಾಡಿ ಓಡಿಹೋಗಿ ಪೋಕ್ಸೋ ಕೇಸಿನಲ್ಲಿ ಬಂದ 17ರ ಹುಡುಗರೂ ಸಿಗುತ್ತಾರೆ. 18ರ ಒಳಗಿನವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಅಂತ ಪರಿಗಣಿಸುವುದಿಲ್ಲ ಅನ್ನುವುದು ಅವರಿಗೆ ಠಾಣೆಯಲ್ಲೇ ಮೊದಲ ಸಲ ಗೊತ್ತಾಗಿರುತ್ತದೆ. ಆ ಹುಡುಗಿಗೆ ಫೋನ್ ಮಾಡಬಾರದು, ಸ್ನೇಹಿತರ ಕೈಲಿ ಸುದ್ದಿ ಕಳಿಸಬಾರದು ಅಂತ ಬಿಡಿಸಿ ಹೇಳಿ. ಒಂದು ಸಲ ಅಲ್ಲ, ಹೋದಾಗಲೆಲ್ಲ ಹೇಳಿ.

ಮನೆಗೆ ಹೋಗಿ ನೋಡಿ

ಸಾಮಾಜಿಕ ತನಿಖಾ ವರದಿ ಬರೆಯುವುದು ಪರಿವೀಕ್ಷಣಾಧಿಕಾರಿ. ಎರಡು ವಾರದಲ್ಲಿ ಕೊಡಬೇಕು. ಒಬ್ಬೊಬ್ಬರ ಕೈಯಲ್ಲಿ ಹೊರಲಾರದಷ್ಟು ಫೈಲು ಇರುತ್ತವೆ. ಅಲ್ಲಿ ನೀವು ನಿಜವಾಗಿ ಉಪಯೋಗಕ್ಕೆ ಬರಬಹುದು. ಅವರು ಒಪ್ಪಿದರೆ ಜೊತೆಗೆ ಮನೆಗೆ ಹೋಗಿ.

ಸಂಜೆ ಏಳರ ಮೇಲೆ ಹೋಗಿ, ಹಗಲು ಆ ಮನೆಗಳಿಗೆ ಬೀಗ. ಎಷ್ಟು ಜನ ಎಷ್ಟು ಜಾಗದಲ್ಲಿ ಮಲಗುತ್ತಾರೆ, ಅಪ್ಪ ಕುಡಿದು ಬಂದರೆ ಹುಡುಗ ಎಲ್ಲಿಗೆ ಹೋಗುತ್ತಾನೆ, ಸಾಲ ಯಾರ ಹತ್ತಿರ ಇದೆ, ಅವನ ಮಾತು ಕೇಳುವ ದೊಡ್ಡವರು ಯಾರಾದರೂ ಇದ್ದಾರಾ, ಇದಿಷ್ಟು ತಿಳಿದುಕೊಳ್ಳಿ. ಆ ಕೊನೆಯದು ಮುಖ್ಯ. ಅಜ್ಜಿಯೋ, ಸೋದರಮಾವನೋ, ಎಗ್ ರೈಸ್ ಗಾಡಿಯವನೋ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ವರದಿಯಲ್ಲಿ ಬರಬೇಕು. ಬೋರ್ಡು ಅದನ್ನು ನೋಡಿಯೇ ಯಾರ ವಶಕ್ಕೆ ಕೊಡುವುದು ಅಂತ ಯೋಚಿಸುತ್ತದೆ.

ಪಕ್ಕದ ಮನೆಯವರು ಕೇಳಿದರೆ 'ರೇಷನ್ ಕಾರ್ಡ್ ವಿಷಯ' ಅಂತ ಹೇಳಿ ಮುಂದೆ ನಡೆಯಿರಿ.

ಹೊರಗೆ ಬಂದ ಮೇಲೆ

ಅಸಲು ಕೆಲಸ ಇಲ್ಲಿದೆ. ಬೋರ್ಡಿನ ಕೊನೆಯ ಆದೇಶ ಬುದ್ಧಿ ಹೇಳಿ ಬಿಡುವುದಿರಬಹುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, 3 ವರ್ಷದವರೆಗಿನ ಪ್ರೊಬೇಷನ್ (ಹೊರಗಿದ್ದು ನಿಗಾದಲ್ಲಿರುವುದು), ಅಥವಾ 3 ವರ್ಷದವರೆಗೆ ವಿಶೇಷ ಗೃಹ (ತಪ್ಪು ಮಾಡಿದ್ದಾನೆ ಅಂತ ತೀರ್ಮಾನವಾದವರನ್ನು ಇಡುವ ಮನೆ) ಇರಬಹುದು. ಯಾವುದೇ ಆಗಲಿ, ಒಂದು ದಿನ ಹುಡುಗ ಅದೇ ಬೀದಿಗೆ, ಅದೇ ಗೆಳೆಯರ ನಡುವೆ ವಾಪಸ್ ಬರುತ್ತಾನೆ. ಮೊದಲ ತಿಂಗಳಲ್ಲಿ ಅವನ ದಿನ ತುಂಬದಿದ್ದರೆ ಏರಿಯಾದ ಅಣ್ಣಂದಿರು ತುಂಬಿಸುತ್ತಾರೆ. ಅವರು ಕೈಬಿಡದೆ ಬಂದು ಕೇಳುತ್ತಾರೆ, ಊಟ ಕೊಡಿಸುತ್ತಾರೆ, ಬೈಕ್ ಕೊಡುತ್ತಾರೆ. ನಮ್ಮ ಪೈಪೋಟಿ ಅವರ ಜೊತೆ ಅನ್ನುವುದು ನೆನಪಿರಲಿ.

ಮೊದಲು ಸ್ಕೂಲು. ಎಂಟು ಒಂಬತ್ತಕ್ಕೆ ಬಿಟ್ಟವರೇ ಜಾಸ್ತಿ. ಟಿಸಿ ಮತ್ತು ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ತೆಗೆಸಿಕೊಳ್ಳಿ. ಕೊಡಲು ಸತಾಯಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಸೀಲ್ ಬಿದ್ದ ಅರ್ಜಿ ತೋರಿಸಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಮತ್ತೆ ಕ್ಲಾಸಿನಲ್ಲಿ ಕೂರಲಾರೆ ಅನ್ನುವವನಿಗೆ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿಸಬಹುದು, ಇಲ್ಲವೇ ಮುಕ್ತ ಶಾಲೆ ಇದೆ. ಕೇಸಿನ ವಿಷಯ ಸ್ಕೂಲಿಗೆ ಹೇಳಬೇಕಾಗಿಲ್ಲ. ಯಾರಾದರೂ ಕೇಳಿದರೂ ಹೇಳಬೇಡಿ.

ಓದು ಬೇಡವೇ ಬೇಡ ಅಂದರೆ ಕೆಲಸ ಕಲಿಯಲಿ. ಕೆಲವು ಐಟಿಐ ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾಗಿದ್ದರೆ ಸಾಕು. ಕೆಲಸಕ್ಕೆ ಸೇರಿಸುವಾಗ ಕಾನೂನು ನೋಡಿಕೊಳ್ಳಿ: 14ರ ಒಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಡೆಲಿವರಿ ಕೆಲಸ ಮಾಡುತ್ತೀನಿ ಅನ್ನುವ 17ರ ಹುಡುಗನಿಗೆ ಲೈಸೆನ್ಸ್ ಇಲ್ಲ. ಅವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ವೀಲಿಂಗ್ ಹುಚ್ಚಿನವರಿಗೆ ಪ್ರಾಣಭಯ ಹೇಳಿದರೆ ನಗುತ್ತಾರೆ, ಈ 25ರ ಲೆಕ್ಕ ಹೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ.

ಮನೆಯಲ್ಲಿ ಒಬ್ಬ ವಿಧವೆ ತಾಯಿಯೋ, ಹಾಸಿಗೆ ಹಿಡಿದ ತಂದೆಯೋ ಇದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ (ಮಗು ಮನೆಯಲ್ಲೇ ಬೆಳೆಯಲು ಕೊಡುವ ಹಣದ ನೆರವು) ಅರ್ಜಿ ಹಾಕಿಸಿ. ಅರ್ಹರಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಸಂಸ್ಥೆಯಲ್ಲಿದ್ದು 18 ತುಂಬಿ ಹೊರಬಂದವನಿಗೆ 21ರವರೆಗೆ ಅನುಪಾಲನೆಯ ನೆರವು ಸಿಗಲು ಅವಕಾಶ ಇದೆ. ತಾನಾಗಿ ಬರುವುದಿಲ್ಲ, ಕೇಳಬೇಕು.

ನಶೆಯ ವಿಷಯ ಮುಚ್ಚಿಡಬೇಡಿ. ಪಂಚರ್ ಸೊಲ್ಯೂಷನ್ ಕರ್ಚೀಫಿಗೆ ಹಾಕಿ ಎಳೆಯುವುದರಿಂದ ಹಿಡಿದು ಗಾಂಜಾ, ಮಾತ್ರೆಗಳ ತನಕ ಎಲ್ಲ ಇದೆ. ಬೈದರೆ ಬಿಡುವುದಿಲ್ಲ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಜೊತೆಗೆ ಹೋಗಿ, ಒಪಿಡಿ ಚೀಟಿ ಮಾಡಿಸಿ, ಸಾಲಿನಲ್ಲಿ ಜೊತೆಗೇ ಕೂತುಕೊಳ್ಳಿ. ವಿಳಾಸ ಬರೆದುಕೊಟ್ಟು ಕಳಿಸಿದರೆ ಅರ್ಧ ದಾರಿಯಲ್ಲಿ ವಾಪಸ್ ಹೋಗುತ್ತಾರೆ. ರಾತ್ರಿ ಹೊತ್ತು ಮನಸ್ಸು ಕೆಟ್ಟಾಗ ಕರೆ ಮಾಡಲು ಟೆಲಿ ಮನಸ್ ನಂಬರ್ 14416 ಅವನ ಫೋನಿನಲ್ಲಿ ಹಾಕಿಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪೊಟ್ಟಣ ಸಾಗಿಸಲು ಹುಡುಗರನ್ನು ಬಳಸಿದ ದೊಡ್ಡವರಿಗೆ ಬಾಲ ನ್ಯಾಯ ಕಾಯ್ದೆಯಲ್ಲೇ 7 ವರ್ಷದವರೆಗೆ ಶಿಕ್ಷೆ ಇದೆ. ಹುಡುಗನ ಕೇಸಿನ ಗಲಾಟೆಯಲ್ಲಿ ಆ ದೊಡ್ಡವನ ಹೆಸರು ಯಾರಿಗೂ ನೆನಪಾಗುವುದಿಲ್ಲ. ವಕೀಲರ ಕಿವಿಗೆ ಹಾಕಿ. ಆದರೆ ನೀವೇ ಹೋಗಿ ಆ ಮನುಷ್ಯನ ಹತ್ತಿರ ಮಾತಾಡುವ ಸಾಹಸ ಬೇಡ.

ಮತ್ತೆ ಸಿಕ್ಕಿಬಿದ್ದರೆ

ಕೆಲವರು ಸಿಕ್ಕಿಬೀಳುತ್ತಾರೆ. ಅವತ್ತು ನಿಮ್ಮ ಮುಖ ನೋಡಲು ಅವನಿಗೆ ನಾಚಿಕೆ. ನಿಮಗೆ ಸಿಟ್ಟು. 'ನಿನಗೋಸ್ಕರ ಇಷ್ಟೆಲ್ಲ ಮಾಡಿದೆ' ಅನ್ನುವ ಮಾತು ನಾಲಿಗೆ ತುದಿಗೆ ಬಂದಿರುತ್ತದೆ, ನುಂಗಿಕೊಳ್ಳಿ. ಹೋಗಿ, ಊಟ ಆಯ್ತಾ ಕೇಳಿ, ಅಮ್ಮನಿಗೆ ಹೇಳಿದ್ದೀನಿ ಅಂತ ತಿಳಿಸಿ, ಬನ್ನಿ. ಎರಡು ದಿನ ಬಿಟ್ಟು ಹಳೆಯ ಯೋಜನೆ ತೆಗೆದು ನೋಡಿ. ಯಾವ ವಾರದಲ್ಲಿ ಕೆಲಸಕ್ಕೆ ಹೋಗೋದು ನಿಂತಿತು? ಯಾರು ವಾಪಸ್ ಬಂದರು? ಯಾವ ಫೋನಿಗೆ ಉತ್ತರ ಬರಲಿಲ್ಲ? ಮುಂದಿನ ಯೋಜನೆ ಅಲ್ಲಿಂದ ಬರೆಯಿರಿ.

ಹೆಸರು, ಫೋಟೋ, ಫೈಲು

ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ವಿಳಾಸ, ಸ್ಕೂಲು, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮ್ಮ ಇನ್‌ಸ್ಟಾಗ್ರಾಂ ಕಥೆಯೂ ಪ್ರಕಟಣೆಯೇ. ಮುಖ ಮಸುಕು ಮಾಡಿ ಹಾಕಿದ್ದೀನಿ ಅನ್ನಬೇಡಿ, ಅವನ ಅಂಗಿ ನೋಡಿ ಬೀದಿಯವರಿಗೆ ಗೊತ್ತಾಗುತ್ತದೆ.

ಕೇಸು ಮುಗಿದ ಹುಡುಗ ಮುಂದೆ ಕೆಲಸಕ್ಕೆ ಹೋದಾಗ 'ಯಾವುದಾದರೂ ಕೇಸ್ ಇತ್ತಾ' ಅಂತ ಕೇಳಿದರೆ ಏನು ಮಾಡೋದು ಅಂತ ಹೆದರುತ್ತಾನೆ. 24ನೇ ಸೆಕ್ಷನ್ ಇರುವುದೇ ಇದಕ್ಕೆ. ಬೋರ್ಡಿನಲ್ಲಿ ಮುಗಿದ ಕೇಸಿನಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿ ಅವಧಿ ಅಥವಾ 7 ವರ್ಷ ಕಳೆದ ಮೇಲೆ ದಾಖಲೆ ನಾಶ ಮಾಡಬೇಕು. 16 ದಾಟಿದ ಮೇಲೆ ಘೋರ ಅಪರಾಧದಲ್ಲಿ ದೊಡ್ಡವರ ಹಾಗೆ ವಿಚಾರಣೆ ನಡೆಸಿ ಮಕ್ಕಳ ನ್ಯಾಯಾಲಯ ದೋಷಿ ಅಂದವರಿಗೆ ಮಾತ್ರ ಇದು ಬೇರೆ. ಪೊಲೀಸ್ ವೆರಿಫಿಕೇಷನ್‌ನಲ್ಲಿ ಹಳೆಯ ಕೇಸು ಎದ್ದು ಬಂದರೆ ಕಾನೂನು ನೆರವಿನ ವಕೀಲರಿಂದ ಒಂದು ಪತ್ರ ಬರೆಸಿ.

ನೀವು ಕೆಲಸ ಬಿಡುವುದಾದರೆ ಕನಿಷ್ಠ ಒಂದು ತಿಂಗಳು ಮೊದಲು ಹುಡುಗನಿಗೆ ಹೇಳಿ. ಹೊಸಬರನ್ನು ಕರೆದುಕೊಂಡು ಹೋಗಿ ಎರಡು ಮೂರು ಸಲ ಜೊತೆಗೆ ಕೂರಿಸಿ. ಮುಂದಿನ ಡೇಟುಗಳನ್ನೆಲ್ಲ ಅವರ ಫೋನಿಗೆ ಹಾಕಿ. ವರದಿ, ಬೋರ್ಡಿನ ಕಾಗದ, ಆಧಾರ್ ಫೋಟೋ ಅಂತ ನಿಮ್ಮ ಫೋನಿನಲ್ಲಿ ಇರುವುದನ್ನೆಲ್ಲ ಸಂಸ್ಥೆಗೆ ಒಪ್ಪಿಸಿ ಅಳಿಸಿಬಿಡಿ. ವಾಟ್ಸಾಪ್ ಬ್ಯಾಕಪ್‌ನಲ್ಲೂ ಉಳಿದಿರುತ್ತದೆ, ಅಲ್ಲೂ ನೋಡಿ.